ಆರು ನಿಮಿಷದ ನಿಲುಗಡೆ

೧೪ ಫೆಬ್ರವರಿ ೨೦೦೬, ಮಂಗಳವಾರ

ಇವತ್ತು ನನ್ನ ಅರ್ಜಿಯನ್ನು ನಾನೇ ಟೈಪ್ ಮಾಡಿದೆ. ಮೂವತ್ತೊಂದು ವರ್ಷ ಬೇರೆಯವರ ಅರ್ಜಿಗೆ ಟಿಪ್ಪಣಿ ಬರೆದು, ದಾರ ಕಟ್ಟಿ ಮೇಲಕ್ಕೆ ಕಳಿಸಿದ ಕೈ ಇದು. ಮಗಳ ಹೆರಿಗೆಗೆ ನ್ಯೂಜೆರ್ಸಿ, ಮಗನ ಗೃಹಪ್ರವೇಶಕ್ಕೆ ಸಿಂಗಪುರ. ಸರ್ಕಾರಿ ನೌಕರರು ದೇಶ ಬಿಟ್ಟು ಹೋಗಬೇಕಾದರೆ ಇಲಾಖೆ 'ನಮ್ಮ ಅಭ್ಯಂತರವಿಲ್ಲ' ಎಂದು ಕಾಗದ ಕೊಡಬೇಕು. ಆ ಕಡತಗಳೆಲ್ಲ ನಮ್ಮ ಸೆಕ್ಷನ್ನಿನಿಂದಲೇ ಹೋಗುತ್ತವೆ. ಈಗ ಇಂದಿರಾ, ಅಸಿಸ್ಟೆಂಟ್, ವಯಸ್ಸು ಐವತ್ತೈದು, ಅವಿವಾಹಿತೆ, ಇಂಗ್ಲೆಂಡಿಗೆ ಹೊರಟಿದ್ದಾಳೆ. ಎಂಟು ದಿನ. ಒಬ್ಬಳೇ.

ಅಮ್ಮ ಹೋಗಿ ಹದಿನಾಲ್ಕು ತಿಂಗಳಾಯಿತು. ಅದಕ್ಕೆ ಮುಂಚೆ ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದರು, ಡೆಲ್ಲಿಯ ಈ ಕಿದ್ವಾಯಿ ನಗರದ ಕ್ವಾರ್ಟರ್ಸಿನ ಇದೇ ಕೋಣೆಯಲ್ಲಿ. ಶನಿವಾರ ಎರಡು ಗಂಟೆ ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ನಾನು ಕಸ್ತೂರ್ಬಾ ಗಾಂಧಿ ಮಾರ್ಗದ ಲೈಬ್ರರಿಗೆ ಹೋಗಿ ಚಿತ್ರಗಳಿರುವ ದಪ್ಪ ಪುಸ್ತಕಗಳನ್ನು ತಂದು ಅಮ್ಮನ ಮಂಚದ ಪಕ್ಕ ಕೂತು ನೋಡುತ್ತಿದ್ದೆ. ಇಂಗ್ಲೆಂಡಿನ ಯಾರ್ಕ್ ಮತ್ತು ಚೆಸ್ಟರ್. ಎರಡೂ ಊರಿಗೆ ಇವತ್ತಿಗೂ ಕೋಟೆಗೋಡೆ ಇದೆ, ಎರಡರಲ್ಲೂ ಆ ಗೋಡೆಯ ಮೇಲೆಯೇ ನಡೆದು ಊರು ಸುತ್ತಬಹುದು. ಬೆಳಿಗ್ಗೆ ಒಂದು, ನಡುವೆ ರೈಲು, ಸಂಜೆಗೆ ಇನ್ನೊಂದು. ಒಂದೇ ದಿನ ಎರಡು ಊರು. ಅಷ್ಟೇ ನನ್ನ ಆಸೆ. ಉಳಿದ ಏಳು ದಿನ ಎಲ್ಲಿ ಬಿದ್ದುಕೊಂಡಿದ್ದರೂ ನಡೆಯುತ್ತದೆ.

ಫಾರಂನ ಏಳನೇ ಕಲಮು: 'ವಿದೇಶದಲ್ಲಿ ಯಾರ ಬಳಿಗೆ ಹೋಗುತ್ತಿದ್ದೀರಿ, ಅವರ ಸಂಬಂಧವೇನು?' ಅಲ್ಲಿ 'ಅನ್ವಯಿಸುವುದಿಲ್ಲ' ಎಂದು ಬರೆದೆ. ಬರೆಯುವಾಗ ಒಂಥರಾ ಖುಷಿಯಾಯಿತು.

೨೨ ಫೆಬ್ರವರಿ, ಬುಧವಾರ

ಕಡತ ವಾಪಸ್ ಬಂತು. ಅಂಡರ್ ಸೆಕ್ರೆಟರಿ ಏಳನೇ ಕಲಮಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ ಪಕ್ಕಕ್ಕೆ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದಾನೆ. ಆಮೇಲೆ ಕರೆಸಿಯೂ ಕೇಳಿದ, ಒಬ್ಬರೇನಾ, ಯಾರ ಹತ್ತಿರಕ್ಕೂ ಅಲ್ಲವಾ ಎಂದು.

"ಮೇಡಂ, ಅಕೇಲೇ? ಕಿಸೀ ಕೇ ಪಾಸ್ ನಹೀಂ?"

ಮೂವತ್ನಾಲ್ಕು ವರ್ಷದ ಹುಡುಗ. ನಾನು ಯಮುನೆಗೆ ಹಾರಲು ರಜೆ ಕೇಳುತ್ತಿದ್ದೇನೆ ಎಂಬ ಹಾಗೆ ಕರುಣೆಯಿಂದ ನೋಡಿದ. ಗೋಡೆ ನೋಡಲು ಹೋಗುತ್ತಿದ್ದೇನೆ ಎಂದೆ. "ದೀವಾರ್?" ಎಂದು ಕೇಳಿ, ನೀರು ಕುಡಿದ.

ಎದುರು ಮೇಜಿನ ಚಂದ್ರಮೋಹನ್ ದಾವಣಗೆರೆಯವರು, ನಮ್ಮ ಸೆಕ್ಷನ್ನಿನಲ್ಲಿ ಕನ್ನಡ ಮಾತಾಡಲು ನನಗಿರುವ ಒಬ್ಬರೇ ಒಬ್ಬರು. "ಮೇಡಂ, ಯಾರ್ದಾದ್ರೂ ಒಂದು ಹೆಸರು ಬರ್ದು ಕೈ ತೊಳ್ಕೊಳ್ಳಿ. ನಿಮ್ಮ ಅಣ್ಣನ ಮಗ ಅಲ್ಲೇ ಎಲ್ಲೋ ಇದಾನಲ್ಲ?"

"ವರುಣ ಲೀಡ್ಸ್‌ನಲ್ಲಿದಾನೆ. ನಾನು ಅವನ ಹತ್ರ ಹೋಗ್ತಾ ಇಲ್ಲ."

"ಕಾಗದಕ್ಕೇನ್ ಗೊತ್ತು ಮೇಡಂ?"

ಕಾಗದಕ್ಕೆ ಗೊತ್ತಾಗದಿರಬಹುದು, ನನಗೆ ಗೊತ್ತಿರುತ್ತದಲ್ಲ. ಇಷ್ಟು ವರ್ಷದಲ್ಲಿ ಕಡತಕ್ಕೆ ಒಂದು ಸುಳ್ಳು ಸೇರಿಸಿದವಳಲ್ಲ ನಾನು. ಸಂಬಳಕ್ಕಿಂತ ಹೆಚ್ಚಾಗಿ ಅದನ್ನೇ ಸಂಪಾದಿಸಿಕೊಂಡಿದ್ದೇನೆ. ವರುಣನನ್ನೇ ನೇರ ಕೇಳುತ್ತೇನೆ: ಒಂದು ಪತ್ರ ಕೊಡು, ಎರಡು ದಿನ ನಿನ್ನ ಮನೆಗೂ ಬಂದು ಹೋಗುತ್ತೇನೆ ಅಂತ. ಆಗ ಬರೆದದ್ದು ನಿಜವೇ ಆಗುತ್ತದೆ.

೨೬ ಫೆಬ್ರವರಿ, ಭಾನುವಾರ

ಹೊಸ ಮೆಟ್ರೋದಲ್ಲಿ ಜನಕಪುರಿಗೆ, ಅಣ್ಣನ ಮನೆಗೆ ಹೋದೆ. ಬಸ್ಸಿನಲ್ಲಿ ಒಂದೂವರೆ ಗಂಟೆ ಬೆವರು ಒರೆಸಿಕೊಂಡು ಹೋಗುತ್ತಿದ್ದ ದಾರಿ. ವರುಣನ ವಿಳಾಸ ಕೇಳಲು ಹೋದವಳು ಕೊರಳು ಒಡ್ಡಿ ಬಂದೆ.

ಗುರುರಾಜಣ್ಣ ಪೇಪರ್ ಓದುತ್ತಿದ್ದ. ಅತ್ತಿಗೆ ಲೀಲಾವತಿ ನನ್ನ ಮಾತು ಅರ್ಧ ಕೇಳುವಷ್ಟರಲ್ಲೇ ಎರಡೂ ಕೈ ಮುಗಿದು ದೇವರ ಪಟದ ಕಡೆ ತಿರುಗಿದರು.

"ದೇವ್ರೇ ಕಳಿಸ್ದ ಹಾಗೆ ಬಂದೆ ನೋಡು ಇಂದಿರಾ. ನಮ್ಮ ಸೊಸೆ ಹರ್ಷಿಣಿಗೆ ಮೇ ತಿಂಗಳಲ್ಲಿ ಹೆರಿಗೆ. ಪಾಪ, ಆ ಹುಡುಗಿಗೆ ತಾಯಿ ಇಲ್ಲ. ನನ್ನ ಮಂಡಿ ನೋಡು, ಮೂರು ಮೆಟ್ಲು ಹತ್ತೋಕಾಗಲ್ಲ, ಆ ಚಳೀಲಿ ನಾನೇನ್ ಮಾಡ್ಲಿ? ನಿಂಗೆ ಹೇಗೂ ರಜೆ ಕೊಳೀತಾ ಬಿದ್ದಿದೆ. ಮೂರು ತಿಂಗಳು ಇದ್ದು ಬಾಣಂತನ ಮುಗಿಸ್ಕೊಂಡು ಬಾ."

"ನಾನು ಎಂಟು ದಿನಕ್ಕೆ..."

"ಅಷ್ಟು ದುಡ್ಡು ಕೊಟ್ಟು ಹೋಗಿ ಎಂಟೇ ದಿನಕ್ಕೆ ಯಾರಾದ್ರೂ ವಾಪಸ್ ಬರ್ತಾರೇನೇ? ಊರು ನೋಡ್ಬೇಕಾ, ವರುಣ ಒಂದು ಭಾನುವಾರ ಕಾರಲ್ಲಿ ತೋರಿಸ್ತಾನೆ."

ಬಾಣಂತನ ನನಗೆ ಹೊಸದೇ? ಇದೇ ವರುಣ ಹುಟ್ಟಿದಾಗ ನನಗೆ ಇಪ್ಪತ್ತಾರು. ಕೆಲಸಕ್ಕೆ ಸೇರಿ ಎರಡು ವರ್ಷ, ಅಣ್ಣನ ಮನೆಯಲ್ಲೇ ಇದ್ದೆ. ಸಂಬಳವಿಲ್ಲದ ರಜೆ ಹಾಕಿ ಮೂರು ತಿಂಗಳು ಎಣ್ಣೆ ತಿಕ್ಕಿದೆ, ನೀರು ಕಾಯಿಸಿದೆ, ಬಟ್ಟೆ ಒಗೆದೆ. ಆ ಮೂರು ತಿಂಗಳಲ್ಲೇ ತುಮಕೂರಿನಿಂದ ಒಂದು ಸಂಬಂಧ ಬಂದಿತ್ತು. 'ಮನೆಯಲ್ಲಿ ಹಸಿ ಬಾಣಂತಿ, ಆಮೇಲೆ ನೋಡೋಣ' ಎಂದು ಅತ್ತಿಗೆ ಕಾಗದ ಬರೆಸಿದರು. ಆಮೇಲೆ ಅವರು ಬೇರೆ ಕಡೆ ನೋಡಿಕೊಂಡರು. ಎರಡನೆಯ ಮಗುವಿಗೂ ನಾನೇ. ಅದು ಉಳಿಯಲಿಲ್ಲ, ಬಾಣಂತನ ಮಾತ್ರ ಪೂರ್ತಿ ನಡೆಯಿತು.

ಇಷ್ಟೆಲ್ಲ ಬಾಯಿಗೆ ಬಂದರೂ ಹೇಳಿದ್ದು "ನೋಡೋಣ ಅತ್ತಿಗೆ" ಎಂದು. ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ನಮ್ಮ ಮನೆಯಲ್ಲಿ ನಾನು 'ನೋಡೋಣ' ಎಂದರೆ 'ಹೂಂ' ಎಂದೇ ಎಲ್ಲರೂ ತಿಳಿಯುತ್ತಾರೆ. ಅದು ನನಗೂ ಗೊತ್ತಿತ್ತು.

೯ ಮಾರ್ಚ್, ಗುರುವಾರ

ವರುಣನ ಪತ್ರ ಫ್ಯಾಕ್ಸಿನಲ್ಲಿ ಬಂತು. 'ನನ್ನ ಸೋದರತ್ತೆಯವರು ನನ್ನ ಹೆಂಡತಿಯ ಹೆರಿಗೆಯ ಆರೈಕೆಗಾಗಿ ಮೂರು ತಿಂಗಳು ನಮ್ಮೊಡನೆ ಇರುತ್ತಾರೆ.' ಅದನ್ನು ಅರ್ಜಿಗೆ ಲಗತ್ತಿಸಿದೆ. ಬೆಳಿಗ್ಗೆ ಹೋದ ಕಡತ ಸಂಜೆ ನಾಲ್ಕಕ್ಕೆ ಸಹಿಯಾಗಿ ಬಂತು. ಒಂಟಿ ಹೆಂಗಸಿಗೆ ಅಭ್ಯಂತರವಿತ್ತು, ಸೂಲಗಿತ್ತಿಗೆ ಇಲ್ಲ. ಅಂಡರ್ ಸೆಕ್ರೆಟರಿ ಕಾರಿಡಾರಿನಲ್ಲಿ ಸಿಕ್ಕಿ ಕಂಗ್ರಾಚುಲೇಷನ್ಸ್ ಬೇರೆ ಹೇಳಿದ.

ನಾನೇನೂ ಸುಳ್ಳು ಬರೆದಿಲ್ಲ. ಬರೆದವನು ವರುಣ. ನಾನು ಪಿನ್ನು ಚುಚ್ಚಿದೆ ಅಷ್ಟೆ.

೨ ಏಪ್ರಿಲ್, ಭಾನುವಾರ

ಜನಕಪುರಿಯಲ್ಲಿ ಇಡೀ ದಿನ ಕುಟ್ಟಿದ್ದು, ಹುರಿದದ್ದು, ಜರಡಿ ಹಿಡಿದದ್ದು. ಬಾಣಂತಿ ಪುಡಿ, ಒಣಶುಂಠಿ ಪುಡಿ, ಅಂಟಿನುಂಡೆ, ಮಗುವಿಗೆ ಬಜೆ ಬೇರು. ಅತ್ತಿಗೆ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಯಾವ ಸಾಮಾನು ಎಷ್ಟು ಹದಕ್ಕೆ ಹುರಿಯಬೇಕೆಂದು ಅವರಿಗೆ ನೆನಪಿಲ್ಲ. ನನ್ನ ಮೂಗಿಗೆ ನೆನಪಿದೆ.

"ಯಾವಾಗ ಹೊರಡ್ತೀಯ? ಹೆರಿಗೆಗೆ ಮುಂಚೇನೇ ಹೋಗಿದ್ರೆ ಒಳ್ಳೇದು."

"ಜೂನ್ ಮೂರರಿಂದ ಮಾತ್ರ ರಜೆ ಮಂಜೂರಾಗಿರೋದು ಅತ್ತಿಗೆ."

ಮಂಜೂರಾಗಿರುವುದು ಅಂದಿನಿಂದಲೇ, ಅದು ನಿಜ. ಕೇಳಿದ್ದೂ ಅಂದಿನಿಂದಲೇ, ಅದೂ ಪ್ರಯಾಣ ಸೇರಿ ಹನ್ನೆರಡೇ ದಿನಕ್ಕೆ ಎಂದು ಹೇಳಲಿಲ್ಲ. ಅವರು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡಬಾರದು ಎಂಬುದು ನಮ್ಮ ಆಫೀಸಿನ ಮೊದಲ ಪಾಠ.

೧೮ ಏಪ್ರಿಲ್, ಮಂಗಳವಾರ

ವೀಸಾ ಬಂತು, ಆರು ತಿಂಗಳಿಗೆ. ಕೊಟ್ಟಿದ್ದೂ ಆ ಪತ್ರ ನೋಡಿಯೇ ಇರಬೇಕು. ಇರಲಿ.

ಚಂದ್ರಮೋಹನ್ ತಮ್ಮ ಕ್ರೆಡಿಟ್ ಕಾರ್ಡಿನಲ್ಲಿ ಇಂಟರ್ನೆಟ್ ಮೂಲಕ ಅಲ್ಲಿನ ರೈಲು ಟಿಕೆಟ್ ತೆಗೆದುಕೊಟ್ಟರು, ನಾನು ಅಲ್ಲೇ ನಗದು ಕೊಟ್ಟೆ. ಜೂನ್ ಎಂಟು, ಗುರುವಾರ. ಯಾರ್ಕಿನಿಂದ ಹನ್ನೊಂದು ನಲವತ್ತಕ್ಕೆ ಹೊರಟು, ಮ್ಯಾಂಚೆಸ್ಟರಿನಲ್ಲಿ ಗಾಡಿ ಬದಲಿಸಿ, ಎರಡೂವರೆಗೆ ಚೆಸ್ಟರ್. ಬಹಳ ಮುಂಚಿತವಾಗಿ ತೆಗೆದದ್ದರಿಂದ ಅಗ್ಗ. ಆದರೆ ಅದೇ ಗಾಡಿಗೇ ಹತ್ತಬೇಕು, ನಡುವೆ ಇಳಿದರೆ ಟಿಕೆಟ್ ಸತ್ತ ಹಾಗೆ. ಎರಡೂ ಊರಲ್ಲಿ ಹುಡುಗ ಹುಡುಗಿಯರು ಉಳಿಯುವ ಹಾಸ್ಟೆಲ್, ಒಂದು ಕೋಣೆಗೆ ಆರು ಮಂಚ. ಕರೋಲ್ ಬಾಗ್‌ನಲ್ಲಿ ಕ್ಯಾನ್ವಾಸ್ ಬೂಟು ಕೊಂಡೆ. "ಬಹೂ ಕೇ ಲಿಯೇ?" ಸೊಸೆಗಾ ಎಂದು ಅಂಗಡಿಯವನು ಕೇಳಿದ. ನನಗೇ ಭಯ್ಯಾ ಎಂದೆ, ಸ್ವಲ್ಪ ಜೋರಾಗಿಯೇ.

ಆ ಗಾಡಿ ಲೀಡ್ಸ್ ಮೇಲೆಯೇ ಹೋಗುತ್ತದೆ. ಆರು ನಿಮಿಷ ನಿಲುಗಡೆ. ವರುಣನ ಮನೆಗೆ ಎರಡು ದಿನ ಎಂದುಕೊಂಡಿದ್ದೆನಲ್ಲ, ಈಗ ಆ ಯೋಚನೆ ಬಿಟ್ಟಿದ್ದೇನೆ. ಆ ಮನೆಗೆ ಕಾಲಿಟ್ಟರೆ ಎರಡು ದಿನಕ್ಕೆ ಬಿಡುವವರು ಯಾರು?

೧೨ ಮೇ, ಶುಕ್ರವಾರ

ಹರ್ಷಿಣಿಗೆ ಹೆಣ್ಣುಮಗು. ಅತ್ತಿಗೆ ಫೋನ್ ಮಾಡಿದ್ದರು. ಕರೆಂಟಿಲ್ಲ, ಕೂಲರ್ ನಿಂತಿದೆ. ಬರೆಯಲು ಬೇರೇನೂ ಇಲ್ಲ.

೨೧ ಮೇ, ಭಾನುವಾರ

ಆಗಿಹೋಯಿತು. ಜನಕಪುರಿಗೆ ಹೋಗಿದ್ದೆ.

ಅಣ್ಣ ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತನಾದವನು. ಟಿಕೆಟ್ ಕಂಡರೆ ಹಿಂದೆ ಮುಂದೆ ಓದದೆ ಬಿಡುವುದಿಲ್ಲ. "ವಿಮಾನದ ಟಿಕೆಟ್ ತೋರ್ಸೇ" ಎಂದ. ಕನ್ನಡಕ ಹಾಕಿಕೊಂಡು ಓದಿ, "ವಾಪಸ್ಸು ಜೂನ್ ಹದಿಮೂರು ಅಂತಿದೆಯಲ್ಲೇ" ಎಂದ. ಟಿಕೆಟ್ ವಾಪಸ್ ಕೊಟ್ಟು ಪೇಪರ್ ಎತ್ತಿಕೊಂಡ. ಅವನ ಕೆಲಸ ಅಲ್ಲಿಗೆ ಮುಗಿದಿತ್ತು.

ಅತ್ತಿಗೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಿಂತುಕೊಂಡರು, ಮಂಡಿನೋವು ಮರೆತು.

"ಅಂದ್ರೆ ನೀನು ಲೀಡ್ಸಿಗೇ ಹೋಗಲ್ವಾ?"

"ಇಲ್ಲ ಅತ್ತಿಗೆ."

"ನನ್ನ ಮಗನ ಕೈಲಿ ಕಾಗದ ಬರೆಸ್ಕೊಂಡೆ. ಇಷ್ಟೆಲ್ಲ ಕುಟ್ಟಿ ಪುಡಿ ಮಾಡ್ದೆ. ಒಳಗೊಳಗೇ ಇದನ್ನ ಇಟ್ಕೊಂಡಿದ್ಯಾ?"

"ಮೊದಲನೇ ದಿನವೇ ಎಂಟು ದಿನ ಅಂದೆ. ನೀವು ಕೇಳ್ಲಿಲ್ಲ."

"ಹೋಗಿ ಏನ್ ಮಾಡ್ತೀಯ ಅಲ್ಲಿ?"

"ಗೋಡೆ ಮೇಲೆ ನಡೀತೀನಿ."

"ಹೆತ್ತು ಒಂಬತ್ತು ದಿನ ಆಗಿರೋ ಹುಡುಗೀನ ಬಿಟ್ಟು ಗೋಡೆ ಮೇಲೆ ನಡೀತಾಳಂತೆ! ಮಕ್ಕಳಿಲ್ದೋರಿಗೆ ಇದೆಲ್ಲ ಎಲ್ಲಿ ಅರ್ಥ ಆಗ್ಬೇಕು."

ಆಗ ನನ್ನ ಬಾಯಿ ತೆರೆಯಿತು. ತುಮಕೂರಿನ ಕಾಗದದಿಂದ ಶುರು ಮಾಡಿ, ಅಮ್ಮನ ಹನ್ನೊಂದು ವರ್ಷದಲ್ಲಿ ಆ ಮನೆಯಿಂದ ಯಾರು ಎಷ್ಟು ರಾತ್ರಿ ಬಂದು ಇದ್ದರು ಎಂಬುದನ್ನೂ ಸೇರಿಸಿ ಹೇಳಿದೆ. ಒಂದು ರಾತ್ರಿಯೂ ಇಲ್ಲ. "ನನ್ನ ಗರ್ಭ ಖಾಲಿ ಇರೋದಕ್ಕೆ ನಿಮ್ಮ ಬಾಣಂತನವೇ ಕಾರಣ" ಎಂದೂ ಅಂದುಬಿಟ್ಟೆ. ಅಷ್ಟು ಒರಟು ಮಾತು ನನ್ನಿಂದ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಅಣ್ಣ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡ. ಎಂಥ ಗಂಡಸು! ತಂಗಿ ಅಳುತ್ತಿದ್ದರೂ ಎದುರಿಗೆ ಪೇಪರ್ ಹಿಡಿಯುವವನು.

ಪುಡಿಯ ಡಬ್ಬಿಗಳನ್ನೆಲ್ಲ ಸೋಫಾದ ಮೇಲೆ ಬಿಟ್ಟು ಬಂದೆ. ಮೆಟ್ರೋದಲ್ಲಿ ಕೂರಲು ಜಾಗ ಸಿಕ್ಕಿತು. ಹಗುರವಾಗಿದೆ. ಬಹಳ ಹಗುರವಾಗಿದೆ.

೨೪ ಮೇ, ಬುಧವಾರ

ಇವತ್ತು ಹರ್ಷಿಣಿಯ ಫೋನ್. ಬಯ್ಯುತ್ತಾಳೆಂದು ತಯಾರಾಗಿ ಎತ್ತಿದೆ. ಇಲ್ಲೇ ಡೆಲ್ಲಿಯಲ್ಲಿ ಬೆಳೆದ ಹುಡುಗಿ. ಅವಳ ಕನ್ನಡಕ್ಕೆ ಆಗಾಗ ಊರುಗೋಲು ಬೇಕು.

"ಇಂದಿರತ್ತೆ, ಆಪ್... ನೀವು ಟೆನ್ಷನ್ ತಗೋಬೇಡಿ. ಬರ್ಲೇಬೇಕು ಅಂತ ನಾನು ಯಾವತ್ತೂ ಹೇಳಿಲ್ಲ. ವರುಣ್ ಮತ್ತೆ ಅವರಮ್ಮ ಸೇರಿ ಡಿಸೈಡ್ ಮಾಡಿದ್ದು."

"ಹೇಗಿದೀಯಮ್ಮ?"

"ಠೀಕ್ ಹೂಂ." ಚೆನ್ನಾಗಿದ್ದೇನೆ ಎಂದವಳೇ, "ವರುಣ್‌ಗೆ ರಜೆ ಮುಗೀತು. ಬೇಬಿ ರಾತ್ರಿಯೆಲ್ಲ ಮಲಗಲ್ಲ. ನಂಗೆ ಸ್ನಾನ ಮಾಡಿಸೋಕೆ ಭಯ, ಕೈ ಜಾರತ್ತೆ ಅಂತ. ಆದ್ರೆ ಮ್ಯಾನೇಜ್ ಮಾಡ್ತಿದೀನಿ. ನಿಮ್ಮ ಟ್ರಿಪ್ ಪ್ಲಾನ್ ಹೇಳಿ."

ಇಷ್ಟು ತಿಂಗಳಲ್ಲಿ ಆ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ. ನಾನು ಮರುಳು ಹಿಡಿದವಳ ಹಾಗೆ ಎಲ್ಲ ಹೇಳಿಬಿಟ್ಟೆ. ಯಾವ ಬಾಗಿಲಲ್ಲಿ ಗೋಡೆ ಹತ್ತುವುದು, ಎಷ್ಟು ಗಂಟೆಯ ಗಾಡಿ, ಎಲ್ಲಿ ಎಷ್ಟು ನಿಮಿಷ.

"ಲೀಡ್ಸ್ ಮೇಲೇ ಹೋಗತ್ತೆ ಹಾಗಿದ್ರೆ! ನಾನು ಸ್ಟೇಷನ್‌ಗೆ ಬರ್ತೀನಿ ಅತ್ತೆ. ಡಬ್ಬಿ ತರ್ತೀನಿ."

ಕೇಳಿದ ತಕ್ಷಣ ನಗು ಬಂತು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗುವಾಗ ಭೋಪಾಲಿನಲ್ಲಿ ಒಬ್ಬರು, ಮನ್ಮಾಡಿನಲ್ಲಿ ಇನ್ನೊಬ್ಬರು ಪ್ಲಾಟ್‌ಫಾರ್ಮಿನಲ್ಲಿ ಡಬ್ಬಿ ಹಿಡಿದು ಓಡಿ ಬರುತ್ತಿದ್ದರು. ತಮ್ಮೂರಿನ ಮೇಲೆ ನೆಂಟರ ಗಾಡಿ ಹೋದರೆ, ಐದು ನಿಮಿಷ ನಿಂತರೂ ಸರಿ, ಅನ್ನ ಕೊಡದೆ ಕಳಿಸುವ ಹಾಗಿಲ್ಲ. "ನಮ್ಮಮ್ಮ ಹರಿದ್ವಾರಕ್ಕೆ ಹೋಗೋ ಎಲ್ರಿಗೂ ನ್ಯೂ ಡೆಲ್ಲಿ ಸ್ಟೇಷನ್‌ಗೆ ತಗೊಂಡು ಹೋಗ್ತಿದ್ರು. ನಾನು ನೀರಿನ ಬಾಟಲ್ ಹಿಡ್ಕೊಂಡು ಹಿಂದೆ ಹಿಂದೆ ಓಡ್ತಿದ್ದೆ" ಎಂದಳು. ಅವಳು ಕಾಲೇಜಿನಲ್ಲಿದ್ದಾಗ ಆ ತಾಯಿ ಹೋದದ್ದು.

"ಬೇಡಮ್ಮ. ಹಸಿ ಬಾಣಂತಿ ಹೊರಗೆ ಬರಬಾರದು. ಗಾಳಿಗೆ ಹೋಗ್ಬೇಡ" ಎಂದೆ. ಖಂಡಿತ ಬೇಡ ಎಂದು ಎರಡು ಸಲ ಹೇಳಿದೆ.

"ಅಚ್ಛಾ" ಎಂದಳು. ಮುಗಿಯಿತು.

೩ ಜೂನ್, ಶನಿವಾರ

ನಾಳೆ ಹೊರಡುವುದು. ಒಂದೇ ಚೀಲ. ಚಟ್ನಿಪುಡಿ, ಬೂಟು, ಸ್ವೆಟರ್, ಈ ಡೈರಿ. ಬೀಳ್ಕೊಡಲು ಯಾರೂ ಬರುವುದಿಲ್ಲ, ಆಟೋದವನು ಬಂದರೆ ಸಾಕು.

೮ ಜೂನ್, ಗುರುವಾರ. ಚೆಸ್ಟರ್

ಸಂಜೆ ಎಂಟಾದರೂ ಇಲ್ಲಿ ಬಿಸಿಲು. ಹಾಸ್ಟೆಲಿನ ಹಿತ್ತಲಲ್ಲಿ ಕೂತು ಬರೆಯುತ್ತಿದ್ದೇನೆ. ಎಲ್ಲವೂ ಪ್ಲಾನಿನ ಪ್ರಕಾರವೇ ನಡೆಯಿತು. ಅದನ್ನು ಮೊದಲು ಬರೆದಿಡುತ್ತೇನೆ.

ಯಾರ್ಕಿನಲ್ಲಿ ಗೋಡೆಯ ಗೇಟು ತೆಗೆಯುವುದು ಎಂಟಕ್ಕೆ. ನಾನು ಏಳೂಮುಕ್ಕಾಲಿಗೇ ಹೋಗಿ ನಿಂತಿದ್ದೆ. ಬೀಗದ ಕೈಗಳ ಗೊಂಚಲು ಹಿಡಿದು ಬಂದ ಮುದುಕ ಗುಡ್ ಮಾರ್ನಿಂಗ್ ಹೇಳಿ, ನನ್ನ ಹಿಂದೆ ಇನ್ನೂ ಯಾರಾದರೂ ಇದ್ದಾರೆಯೇ ಎಂದು ನೋಡದೆ ಗೇಟು ತೆಗೆದ. ಅಷ್ಟಕ್ಕೇ ನನ್ನ ಕಣ್ಣು ತುಂಬಿತು. ಗೋಡೆ ನಾನು ಅಂದುಕೊಂಡದ್ದಕ್ಕಿಂತ ಕಿರಿದು, ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕು. ಒಂದು ಕಡೆ ಊರಿನ ಕೆಂಪು ಹೆಂಚು, ಮನೆಗಳ ಹಿತ್ತಲು, ಒಣಹಾಕಿದ ಬಟ್ಟೆ. ಮತ್ತೆಲ್ಲಿ ತಿರುಗಿದರೂ ಆ ದೊಡ್ಡ ಚರ್ಚಿನ ಗೋಪುರ. ನಡುನಡುವೆ ಗೋಡೆ ಕಡಿದುಹೋಗಿದೆ, ಇಳಿದು ರಸ್ತೆಯಲ್ಲಿ ನಡೆದು ಮತ್ತೆ ಹತ್ತಬೇಕು. ಪುಸ್ತಕದಲ್ಲಿ ಅದು ಕಾಣುತ್ತಿರಲಿಲ್ಲ. ಎರಡು ಗಂಟೆ ನಡೆದೆ. ಯಾರೂ ಕರೆಯಲಿಲ್ಲ, ಯಾರಿಗೂ ಔಷಧಿಯ ಹೊತ್ತಾಗಿರಲಿಲ್ಲ. ನಾನು ಬಹಳ ಸಂತೋಷವಾಗಿದ್ದೆ. ಇದನ್ನು ಬರೆದಿಡಬೇಕು, ಯಾಕೆಂದರೆ ಇದು ನಿಜ.

ಹನ್ನೊಂದು ನಲವತ್ತರ ಗಾಡಿ. ಮೂರೇ ಬೋಗಿ. ನನಗೆ ಕಿಟಕಿ. ಲೀಡ್ಸಿಗೆ ಇಪ್ಪತ್ತೈದು ನಿಮಿಷ.

ಗಾಡಿ ನಿಧಾನವಾದಾಗ ಮೊದಲು ಕಂಡದ್ದು ಚೀಲ. ಹಳದಿ ಬಣ್ಣದ ತಾಂಬೂಲದ ಚೀಲ, ಮೇಲೆ ಕನ್ನಡದಲ್ಲಿ ಅವರಿಬ್ಬರ ಹೆಸರು. ಮದುವೆಗೆ ಅಂಥ ನಾನೂರು ಚೀಲಕ್ಕೆ ತೆಂಗಿನಕಾಯಿ ತುಂಬಿದವಳು ನಾನು. ಆಮೇಲೆ ಹುಡುಗಿ ಕಂಡಳು. ಒಂದು ಕೈಯಲ್ಲಿ ಮಗುವಿನ ಗಾಡಿ, ಇನ್ನೊಂದರಲ್ಲಿ ಆ ಚೀಲ. ತೀರ ಸೊರಗಿಹೋಗಿದ್ದಳು. ತಲೆಗೆ ಬಟ್ಟೆ ಕಟ್ಟಿರಲಿಲ್ಲ, ಕಿವಿಗೆ ಹತ್ತಿ ಇಟ್ಟಿರಲಿಲ್ಲ, ಪ್ಲಾಟ್‌ಫಾರ್ಮಿನ ಗಾಳಿ ನೇರ ಅವಳ ಮುಖಕ್ಕೆ. ಹೆತ್ತು ಇಪ್ಪತ್ತೇಳು ದಿನ.

ನಾನು ಎದ್ದು ಆಚೆ ಬದಿಯ ಖಾಲಿ ಸೀಟಿಗೆ ಹೋಗಿ ಕೂತೆ. ಯಾರೋ ಬಿಟ್ಟುಹೋಗಿದ್ದ ಪೇಪರ್ ಇತ್ತು. ಬಿಡಿಸಿ ಮುಖಕ್ಕೆ ಹಿಡಿದೆ. ಫುಟ್‌ಬಾಲ್ ಆಡುವ ಯಾವನದೋ ಕಾಲಿನ ಮೂಳೆಯ ಸುದ್ದಿ ಇತ್ತು, ಅದನ್ನು ಪೂರ್ತಿ ಓದಿದೆ.

ಬೇಡ ಎಂದು ಎರಡು ಸಲ ಹೇಳಿದ್ದೆ. ನಡುವೆ ಇಳಿದರೆ ಆ ಟಿಕೆಟ್ ನಡೆಯುವುದೂ ಇಲ್ಲ. ಬಾಗಿಲಲ್ಲಿ ನಿಂತು ಡಬ್ಬಿ ಇಸಿದುಕೊಂಡಿದ್ದರೆ ಟಿಕೆಟ್‌ಗೆ ಏನಾಗುತ್ತಿತ್ತು ಎಂದು ಯಾರಾದರೂ ಕೇಳಬಹುದು. ಏನೂ ಆಗುತ್ತಿರಲಿಲ್ಲ. ಆದರೆ ಬಾಗಿಲಿಗೆ ಹೋಗಿದ್ದರೆ ಆ ಕೂಸನ್ನು ಎತ್ತಿಕೊಳ್ಳುತ್ತಿದ್ದೆ. ಎತ್ತಿಕೊಂಡಿದ್ದರೆ ಚೆಸ್ಟರಿಗೆ ಬರುತ್ತಿರಲಿಲ್ಲ. ನನ್ನ ಕೈ ನನಗೆ ಗೊತ್ತು. ಮೂವತ್ತು ವರ್ಷದಿಂದ ಅದು ಯಾರು ಏನು ಕೊಟ್ಟರೂ ಎತ್ತಿಕೊಂಡುಬಿಡುತ್ತದೆ.

ಅವಳು ಮೊದಲ ಬೋಗಿಯಿಂದ ಶುರು ಮಾಡಿ ಒಂದೊಂದೇ ಕಿಟಕಿ ನೋಡುತ್ತ ಬಂದಳು. ಗಾರ್ಡನ್ನು ಏನೋ ಕೇಳಿದಳು. ಅವನು ಗಡಿಯಾರ ನೋಡಿ ತಲೆಯಾಡಿಸಿದ. ನನ್ನ ಬೋಗಿಯ ಹತ್ತಿರ ಬಂದು ಗಾಜಿಗೆ ಕೈ ಅಡ್ಡ ಹಿಡಿದು ಇಣುಕಿದಳು. ನಾನು ಖಾಲಿ ಮಾಡಿದ್ದ ಸೀಟಿನ ಕಿಟಕಿ ಅದು. ಪೇಪರಿನ ಪಕ್ಕದಿಂದ ನೋಡಿದೆ. ಹೊರಗೆ ಅಷ್ಟು ಬಿಸಿಲು, ಅವಳಿಗೆ ಕಂಡಿದ್ದರೆ ಅವಳ ಮುಖವೇ ಕಂಡಿರಬೇಕು. ಮಗು ಅಳುತ್ತಿತ್ತೇನೋ, ಗಾಜು ದಪ್ಪ, ಕೇಳಲಿಲ್ಲ. ಆರು ನಿಮಿಷ ಎಂದರೆ ಬಹಳ ಹೊತ್ತು. ಬಾಗಿಲು ಮುಚ್ಚಿತು. ಗಾಡಿ ಹೊರಟಾಗ ಚೀಲವನ್ನು ತುಸು ಮೇಲಕ್ಕೆ ಎತ್ತಿ ಹಿಡಿದು ನಾಲ್ಕು ಹೆಜ್ಜೆ ಜೊತೆಗೆ ಬಂದಳು, ಯಾವ ಕಿಟಕಿಯ ಕಡೆ ನೋಡುವುದೆಂದು ತಿಳಿಯದೆ.

ಪಕ್ಕದಲ್ಲಿದ್ದ ಹೆಂಗಸು ನಿಮಗೆ ಹುಷಾರಿಲ್ಲವೇ ಎಂದು ಕೇಳಿದಳು. ಬಿಸಿಲು ಎಂದೆ.

ಚೆಸ್ಟರಿನ ಗೋಡೆ ಎಲ್ಲೂ ಕಡಿದಿಲ್ಲ, ಊರಿನ ಸುತ್ತ ಪೂರ್ತಿ ಇದೆ. ದೊಡ್ಡ ಗಡಿಯಾರವಿರುವ ಕಮಾನಿನ ಮೇಲೆ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಂದು ಜೋಡಿ ನನ್ನ ಕೈಗೆ ಕ್ಯಾಮೆರಾ ಕೊಟ್ಟಿತು, ತೆಗೆದುಕೊಟ್ಟೆ. ನದಿ, ಕುದುರೆ ಓಟದ ಬಯಲು, ಕಾಲುವೆ, ಎಲ್ಲ ನೋಡಿದೆ. ಒಂದೂವರೆ ಗಂಟೆಯಲ್ಲಿ ಹತ್ತಿದ ಮೆಟ್ಟಿಲಿಗೇ ಬಂದು ಸೇರಿದೆ. ಇನ್ನೂ ಬೆಳಕಿತ್ತು. ಹೋಗಲು ಬೇರೆ ಜಾಗವಿರಲಿಲ್ಲ, ಇನ್ನೊಂದು ಸುತ್ತು ಹಾಕಿದೆ. ಎರಡನೆಯ ಸಲ ಏನು ನೋಡಿದೆನೋ ನೆನಪಿಲ್ಲ. ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಂಡದ್ದು ಹಾಗೇ ಇದೆ. ಸೇರುತ್ತಿಲ್ಲ. ನಡೆದು ಸುಸ್ತಾಗಿರಬೇಕು.

ಒಂದೇ ದಿನ ಎರಡು ಊರು. ಆಯಿತು.

೧೯ ಜೂನ್, ಸೋಮವಾರ. ಕಿದ್ವಾಯಿ ನಗರ

ಆಫೀಸಿಗೆ ಸೇರಿ ನಾಲ್ಕು ದಿನವಾಯಿತು. ಚಂದ್ರಮೋಹನ್‌ಗೆ ಚಾಕೊಲೇಟ್ ಕೊಟ್ಟೆ. ಅಂಡರ್ ಸೆಕ್ರೆಟರಿ ಮಗು ಹೇಗಿದೆ ಎಂದು ಕೇಳಿದ. "ಬಹುತ್ ಪ್ಯಾರೀ ಹೈ ಸರ್, ಬಿಲ್ಕುಲ್ ಮಾ ಪರ್ ಗಯೀ ಹೈ" ಎಂದೆ, ಬಹಳ ಮುದ್ದಾಗಿದೆ, ಥೇಟ್ ತಾಯಿಯ ಹಾಗೆ ಅಂತ. ಅವನಿಗೆ ಸಮಾಧಾನವಾಯಿತು. ಇದರಲ್ಲಿ ಯಾರಿಗೇನು ನಷ್ಟ?

ಸಂಜೆ ಹರ್ಷಿಣಿ ಫೋನ್ ಮಾಡಿದಳು.

"ಇಂದಿರತ್ತೆ, ಸಾರಿ. ನಿಮಗೆ ಹೇಗೆ ಹೇಳ್ಲಿ ಅಂತ ಇಷ್ಟು ದಿನ ಫೋನ್ ಮಾಡ್ಲಿಲ್ಲ. ನಾನು ಸ್ಟೇಷನ್‌ಗೆ ಬಂದಿದ್ದೆ. ನೀವು ಬೇಡ ಅಂದ್ರೂ ಬಂದೆ. ಅಮ್ಮ ಇದ್ದಿದ್ರೆ ಬರ್ತಿದ್ರು ಅಂತ... ಮೊಸರನ್ನ ಮಾಡಿದ್ದೆ, ದಾಳಿಂಬೆ ಹಾಕಿ. ಆದ್ರೆ ನೀವು ಸಿಗ್ಲೇ ಇಲ್ಲ. ನಾನೇ ತಪ್ಪು ಗಾಡಿ ನೋಡಿದ್ನೋ ಏನೋ. ನಿದ್ದೆ ಇರ್ಲಿಲ್ಲ, ತಲೆ ಓಡ್ತಿರ್ಲಿಲ್ಲ. ನೀವು ಪಾಪ ನನ್ನ ಹುಡುಕ್ತಾ ಇದ್ರೇನೋ."

"ಬಾಗಿಲಲ್ಲೇ ನಿಂತಿದ್ದೆನಮ್ಮ" ಎಂದೆ. "ಆರು ನಿಮಿಷಾನೂ."

ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದ ಮೇಲೆ ಅದೇ ನಿಜವೇನೋ ಅನ್ನಿಸಿತು.

ಆ ಕಡೆ ಅವಳು ಅಳಲು ಶುರು ಮಾಡಿದಳು. "ಐ ಆಮ್ ಸೋ ಸಾರಿ ಅತ್ತೆ. ನಿಮ್ಮನ್ನ ಕಾಯ್ಸಿಬಿಟ್ಟೆ. ಬೇಜಾರ್ ಮಾಡ್ಕೋಬೇಡಿ, ಪ್ಲೀಸ್."

"ಹೋಗ್ಲಿ ಬಿಡು. ನಾನೇನೂ ಮನಸ್ಸಿಗೆ ಹಚ್ಕೊಂಡಿಲ್ಲ. ಇನ್ನು ಮುಂದೆ ಯಾರಿಗಾದ್ರೂ ಬರ್ತೀನಿ ಅಂದ್ರೆ ಗಾಡಿ ಯಾವ್ದು, ಬೋಗಿ ಯಾವ್ದು, ಸರಿಯಾಗಿ ಕೇಳ್ಕೋಬೇಕು."

"ಹೂಂ ಅತ್ತೆ" ಎಂದಳು, ಮೂಗು ಒರೆಸಿಕೊಳ್ಳುತ್ತ. ಥ್ಯಾಂಕ್ಸ್ ಎಂದೂ ಹೇಳಿದಳು.

ಒಳ್ಳೆಯ ಹುಡುಗಿ, ಸ್ವಲ್ಪ ಅಜಾಗರೂಕತೆ. ಕ್ಷಮಿಸಿದ್ದೇನೆ ಎಂದು ಹೇಳಿ ಫೋನ್ ಇಟ್ಟೆ.